ವಿಮಾನ ನೆರಳು ಚಾವಣಿ

ವಿಮಾನ ನೆರಳು ಚಾವಣಿ ಎಂದರೆ ತೆರೆದ ಬಯಲಿನಲ್ಲಿ ನಿಲ್ಲಿಸಿದ ವಿಮಾನಗಳನ್ನು ಬಿಸಿಲು, ಶಾಖ ಮತ್ತು ನೇರಳಾತೀತ ಕಿರಣಗಳಿಂದ ಕಾಪಾಡಲು ಕಟ್ಟುವ, ಸಾಮಾನ್ಯವಾಗಿ ಗೋಡೆಗಳಿಲ್ಲದ ಛಾವಣಿಯ ರಚನೆ. ಇದನ್ನು ಸನ್‌ಶೇಡ್, ಶೇಡ್ ಹ್ಯಾಂಗರ್ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ಉಕ್ಕಿನ ಕಂಬಗಳ ಮೇಲೆ ಲೋಹದ ತಗಡು ಅಥವಾ ಬಿಗಿದು ಕಟ್ಟಿದ ಬಟ್ಟೆಯನ್ನು ಹೊದಿಸಿ ಇದನ್ನು ನಿರ್ಮಿಸಲಾಗುತ್ತದೆ. ಮರುಭೂಮಿ ಮತ್ತು ಉಷ್ಣವಲಯದ ವಾಯುನೆಲೆಗಳಲ್ಲಿ, ವೈಮಾನಿಕ ತರಬೇತಿ ಶಾಲೆಗಳಲ್ಲಿ ಹಾಗೂ ಖಾಸಗಿ ಲಘು ವಿಮಾನಗಳ ನಿಲ್ದಾಣಗಳಲ್ಲಿ ಇವುಗಳ ಬಳಕೆ ಹೆಚ್ಚು. ವಿಮಾನದ ಬಿಡಿಭಾಗಗಳ ಆಯುಷ್ಯವನ್ನು ಹೆಚ್ಚಿಸುವುದರ ಜೊತೆಗೆ, ಬಿಸಿಲಿನಲ್ಲಿ ದುಡಿಯುವ ತಾಂತ್ರಿಕ ಸಿಬ್ಬಂದಿಯನ್ನು ಶಾಖಾಘಾತದಿಂದ ರಕ್ಷಿಸುವುದೂ ಇವುಗಳ ಮುಖ್ಯ ಉದ್ದೇಶ.

== ಇತರ ರಚನೆಗಳಿಂದ ವ್ಯತ್ಯಾಸ ==

ವಿಮಾನಗಳಿಗೆ ಆಶ್ರಯ ನೀಡುವ ರಚನೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

* ಹ್ಯಾಂಗರ್: ನಾಲ್ಕೂ ಕಡೆ ಗೋಡೆ ಮತ್ತು ದೊಡ್ಡ ಬಾಗಿಲುಗಳಿರುವ ಕಟ್ಟಡ. ಮಳೆ, ಗಾಳಿ, ಧೂಳು, ಬಿಸಿಲು ಎಲ್ಲದರಿಂದಲೂ ರಕ್ಷಣೆ ನೀಡುತ್ತದೆ. ದೊಡ್ಡ ದುರಸ್ತಿ ಕಾರ್ಯಗಳಿಗೆ ಇದು ಅನಿವಾರ್ಯ. ಆದರೆ ನಿರ್ಮಾಣ ವೆಚ್ಚ ಹೆಚ್ಚು.
* ಭದ್ರ ಆಶ್ರಯ: ಬಾಂಬ್ ದಾಳಿಯನ್ನು ತಡೆದುಕೊಳ್ಳುವಂತೆ ದಪ್ಪ ಕಾಂಕ್ರೀಟಿನಿಂದ ಕಟ್ಟಿದ ಸೈನಿಕ ರಚನೆ. ೧೯೬೭ರ ಆರು ದಿನಗಳ ಯುದ್ಧದಲ್ಲಿ ಬಯಲಿನಲ್ಲಿ ನಿಂತಿದ್ದ ಈಜಿಪ್ಟಿನ ನೂರಾರು ವಿಮಾನಗಳು ನೆಲದ ಮೇಲೆಯೇ ನಾಶವಾದ ಬಳಿಕ ಅನೇಕ ದೇಶಗಳು ಇಂತಹ ಆಶ್ರಯಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದವು.
* ನೆರಳು ಚಾವಣಿ: ಕೇವಲ ಮೇಲ್ಛಾವಣಿ ಇರುವ ಹಗುರ ರಚನೆ. ಶತ್ರು ದಾಳಿಯಿಂದ ಇದು ರಕ್ಷಣೆ ನೀಡುವುದಿಲ್ಲ. ಬಿಸಿಲನ್ನು ತಡೆಯುವುದೇ ಇದರ ಪ್ರಧಾನ ಕೆಲಸ. ಛಾವಣಿಯು ತಗಡಿನದಾಗಿದ್ದರೆ ಮಳೆ ಮತ್ತು ಆಲಿಕಲ್ಲುಗಳಿಂದಲೂ ತಕ್ಕಮಟ್ಟಿನ ರಕ್ಷಣೆ ದೊರೆಯುತ್ತದೆ.

== ಬಿಸಿಲಿನಲ್ಲಿ ವಿಮಾನ ಕಾಯುವ ಬಗೆ ==

ಹವಾಮಾನ ಇಲಾಖೆಗಳು ಪ್ರಕಟಿಸುವ ಉಷ್ಣತೆಯು ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ, ಅಂದರೆ ನೆರಳಿನಲ್ಲಿ, ಅಳೆದ ಗಾಳಿಯ ಉಷ್ಣತೆಯಾಗಿರುತ್ತದೆ. ಬಿಸಿಲಿನಲ್ಲಿ ನಿಂತ ವಸ್ತುವಿನ ಮೇಲ್ಮೈ ಉಷ್ಣತೆ ಇದಕ್ಕಿಂತ ಬಹಳ ಹೆಚ್ಚಿರಬಹುದು. ಭೂಮಿಯ ವಾತಾವರಣದ ಹೊರಗೆ ಪ್ರತಿ ಚದರ ಮೀಟರಿಗೆ ಸುಮಾರು ೧೩೬೧ ವ್ಯಾಟ್ ಸೌರಶಕ್ತಿ ಬೀಳುತ್ತದೆ. ಮೋಡವಿಲ್ಲದ ದಿನ, ಸೂರ್ಯನು ನೆತ್ತಿಯ ಮೇಲಿರುವಾಗ ಅದರಲ್ಲಿ ಸುಮಾರು ೧೦೦೦ ವ್ಯಾಟ್ ನೆಲವನ್ನು ತಲುಪುತ್ತದೆ.

ತರಬೇತಿ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಸೆಸ್ನಾ ೧೭೨ ವಿಮಾನದ ರೆಕ್ಕೆಯ ವಿಸ್ತೀರ್ಣ ಸುಮಾರು ೧೬.೨ ಚದರ ಮೀಟರ್. ನಡುಹಗಲಿನಲ್ಲಿ ಈ ರೆಕ್ಕೆಯೊಂದರ ಮೇಲೆಯೇ ಸುಮಾರು ೧೬ ಕಿಲೋವ್ಯಾಟ್ ಸೌರಶಕ್ತಿ ಬೀಳುತ್ತದೆ. ಬಿಳಿ ಬಣ್ಣವು ಇದರ ನಾಲ್ಕನೆಯ ಒಂದು ಭಾಗವನ್ನು ಹೀರಿಕೊಂಡರೆ ಅದು ೪ ಕಿಲೋವ್ಯಾಟ್ ಆಗುತ್ತದೆ. ಕಡುಬಣ್ಣವು ಹತ್ತರಲ್ಲಿ ಒಂಬತ್ತು ಭಾಗವನ್ನು ಹೀರಿಕೊಂಡರೆ ೧೪ ಕಿಲೋವ್ಯಾಟನ್ನೂ ಮೀರುತ್ತದೆ. ಹೀರಿಕೊಂಡ ಶಾಖವನ್ನು ಮೇಲ್ಮೈಯು ಸುತ್ತಲಿನ ಗಾಳಿಗೆ ಮತ್ತು ವಿಕಿರಣದ ರೂಪದಲ್ಲಿ ಆಕಾಶಕ್ಕೆ ಬಿಟ್ಟುಕೊಡುವವರೆಗೂ ಅದರ ಉಷ್ಣತೆ ಏರುತ್ತಲೇ ಇರುತ್ತದೆ. ಗಾಳಿ ಬೀಸದ ದಿನಗಳಲ್ಲಿ ಈ ಏರಿಕೆ ಇನ್ನೂ ಹೆಚ್ಚು.

ಚಾಲಕನ ಕೋಣೆಯಲ್ಲಿ ಹಸಿರುಮನೆ ಪರಿಣಾಮವೂ ಸೇರಿಕೊಳ್ಳುತ್ತದೆ. ಪಾರದರ್ಶಕ ಮೇಲುಹೊದಿಕೆಯ ಮೂಲಕ ಒಳಬಂದ ಬೆಳಕು ಆಸನ ಮತ್ತು ಉಪಕರಣ ಫಲಕಗಳಲ್ಲಿ ಶಾಖವಾಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯ ಗಾಳಿಯು ಹೊರಹೋಗಲಾರದೆ ಕಾಯುತ್ತದೆ. ಇದರೊಂದಿಗೆ ನಿಲುಗಡೆ ಪ್ರದೇಶದ ಕಾಂಕ್ರೀಟ್ ಅಥವಾ ಡಾಂಬರು ನೆಲವು ಹಗಲೆಲ್ಲ ಹೀರಿದ ಶಾಖವನ್ನು ಕೆಳಗಿನಿಂದ ವಿಮಾನದ ಹೊಟ್ಟೆಯ ಕಡೆಗೆ ಹೊರಸೂಸುತ್ತದೆ. ನೆರಳು ಚಾವಣಿಯು ವಿಮಾನವನ್ನಷ್ಟೇ ಅಲ್ಲದೆ ಅದರ ಸುತ್ತಲಿನ ನೆಲವನ್ನೂ ನೆರಳಿನಲ್ಲಿಡುವುದರಿಂದ ಈ ಎರಡನೆಯ ಶಾಖಮೂಲವೂ ಕುಗ್ಗುತ್ತದೆ.

== ಶಾಖ ಮತ್ತು ಬಿಸಿಲಿನ ದುಷ್ಪರಿಣಾಮಗಳು ==

=== ಕವಚ ಮತ್ತು ಕಿಟಕಿಗಳು ===

ವಿಮಾನದ ಅಲ್ಯೂಮಿನಿಯಂ ಮಿಶ್ರಲೋಹಗಳು ಬಿಸಿಲಿನ ಶಾಖದಿಂದ ದುರ್ಬಲಗೊಳ್ಳುವುದಿಲ್ಲ. ಹಾನಿಗೊಳಗಾಗುವುದು ಹೆಚ್ಚಾಗಿ ಬಣ್ಣ, ಸಂದುಗಳನ್ನು ಮುಚ್ಚುವ ಲೇಪಗಳು, ರಬ್ಬರ್ ಪಟ್ಟಿಗಳು ಮತ್ತು ಪ್ಲಾಸ್ಟಿಕ್ ಭಾಗಗಳು. ನೇರಳಾತೀತ ಕಿರಣಗಳು ಪಾಲಿಮರ್‌ಗಳ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಬಣ್ಣವು ಮಾಸಿ ಪುಡಿಯಾಗುತ್ತದೆ, ರಬ್ಬರ್ ಬಿರುಕು ಬಿಡುತ್ತದೆ. ಆಕ್ರಿಲಿಕ್‌ನಿಂದ ಮಾಡಿದ ಕಿಟಕಿ ಮತ್ತು ಮೇಲುಹೊದಿಕೆಗಳಲ್ಲಿ ಕೂದಲೆಳೆಯಂತಹ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಸೂರ್ಯನಿಗೆ ಎದುರಾಗಿ ಹಾರುವಾಗ ಈ ಬಿರುಕುಗಳು ಬೆಳಕನ್ನು ಚದುರಿಸಿ ಚಾಲಕನ ನೋಟವನ್ನು ಮಸುಕುಗೊಳಿಸುತ್ತವೆ.

ಗಾಜಿನ ನಾರು ಅಥವಾ ಇಂಗಾಲದ ನಾರನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿ ತಯಾರಿಸುವ ಸಂಯುಕ್ತ ವಸ್ತುಗಳ ವಿಷಯದಲ್ಲಿ ಶಾಖವು ನೇರವಾಗಿ ರಚನೆಯ ಬಲಕ್ಕೇ ಸಂಬಂಧಿಸಿದ್ದು. ಪ್ರತಿಯೊಂದು ರಾಳಕ್ಕೂ ಒಂದು ನಿರ್ದಿಷ್ಟ ಉಷ್ಣತೆಯ ಮಿತಿಯಿದ್ದು, ಅದನ್ನು ಸಮೀಪಿಸಿದಂತೆ ರಾಳವು ಮೆತ್ತಗಾಗತೊಡಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅಥವಾ ಅಲ್ಪ ಶಾಖದಲ್ಲಿ ಗಟ್ಟಿಗೊಳಿಸಿದ ರಾಳಗಳಲ್ಲಿ ಈ ಮಿತಿ ಕಡಿಮೆ. ಅನೇಕ ಗ್ಲೈಡರ್‌ಗಳ ರಚನೆಗೆ ೫೪ ಡಿಗ್ರಿ ಸೆಲ್ಸಿಯಸ್ ಗರಿಷ್ಠ ಮಿತಿಯಾಗಿರುತ್ತದೆ. ಬಹುತೇಕ ಗ್ಲೈಡರ್‌ಗಳಿಗೆ ಬಿಳಿ ಬಣ್ಣವನ್ನೇ ಬಳಿಯುವುದಕ್ಕೆ ಇದೇ ಕಾರಣ.

=== ಇಂಧನ ===

ವಿಮಾನ ಇಂಧನವು ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಗಾತ್ರದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಅಂಚಿನವರೆಗೂ ತುಂಬಿಸಿದ ೧೦೦ ಲೀಟರ್ ಇಂಧನವು ೨೦ ಡಿಗ್ರಿ ಕಾದರೆ ಸುಮಾರು ೨ ಲೀಟರ್ ಹೆಚ್ಚಿ, ಗಾಳಿಕೊಳವೆಗಳ ಮೂಲಕ ನೆಲಕ್ಕೆ ಸೋರುತ್ತದೆ. ಪೆಟ್ರೋಲ್ ಮಾದರಿಯ ಇಂಧನ ಬಳಸುವ ಲಘು ವಿಮಾನಗಳಲ್ಲಿ ಕಾದ ಇಂಧನವು ಕೊಳವೆಯೊಳಗೇ ಆವಿಯಾಗಿ ಹರಿವನ್ನು ತಡೆಯುವ ಸಂಭವವೂ ಉಂಟು.

ಪ್ರಯಾಣಿಕ ಜೆಟ್ ವಿಮಾನಗಳು ಬಳಸುವ ಜೆಟ್ ಎ-೧ ಇಂಧನದ ಕನಿಷ್ಠ ಜ್ವಲನಬಿಂದು ೩೮ ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಿಗೆ ಕಾದ ತೊಟ್ಟಿಯ ಖಾಲಿ ಜಾಗದಲ್ಲಿ ಹೊತ್ತಿಕೊಳ್ಳಬಲ್ಲ ಆವಿ ಸೇರಬಹುದು. ೧೯೯೬ರ ಜುಲೈ ೧೭ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯುಎ ೮೦೦ ವಿಮಾನದ ನಡುತೊಟ್ಟಿಯಲ್ಲಿ ಇಂತಹ ಆವಿ ಸ್ಫೋಟಗೊಂಡು ೨೩೦ ಜನ ಮೃತಪಟ್ಟರು. ಅಲ್ಲಿ ತೊಟ್ಟಿಯನ್ನು ಕಾಯಿಸಿದ್ದು ಮುಖ್ಯವಾಗಿ ಅದರ ಕೆಳಗಿದ್ದ ಹವಾನಿಯಂತ್ರಣ ಘಟಕಗಳೇ ಹೊರತು ಬಿಸಿಲಲ್ಲ. ಆದರೂ ನೆಲದ ಮೇಲೆ ನಿಂತ ವಿಮಾನದ ಇಂಧನ ಕಾಯುವುದು ಎಷ್ಟು ಗಂಭೀರ ಸಂಗತಿಯೆಂಬುದನ್ನು ಈ ದುರಂತವು ತೋರಿಸಿಕೊಟ್ಟಿತು. ಬಿಸಿಲಿನಲ್ಲಿ ಕಾದ ವಿಮಾನವನ್ನು ತಂಪಾಗಿಸಲು ಇಂತಹ ಘಟಕಗಳನ್ನು ದೀರ್ಘಕಾಲ ಓಡಿಸಬೇಕಾಗುವುದರಿಂದ ಈ ಎರಡೂ ವಿಷಯಗಳು ಪರಸ್ಪರ ಸಂಬಂಧ ಹೊಂದಿವೆ.

=== ವಿದ್ಯುನ್ಮಾನ ಉಪಕರಣಗಳು ಮತ್ತು ಚಕ್ರಗಳು ===

ಉಷ್ಣತೆಯು ೧೦ ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅನೇಕ ವಿದ್ಯುನ್ಮಾನ ಬಿಡಿಭಾಗಗಳ, ವಿಶೇಷವಾಗಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ, ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಅಭಿಯಂತರರು ಬಳಸುವ ಸ್ಥೂಲ ನಿಯಮ. ಚಾಲಕನ ಕೋಣೆಯ ದ್ರವಸ್ಫಟಿಕ ಪರದೆಗಳು ಅತಿಯಾಗಿ ಕಾದಾಗ ಕಪ್ಪಾಗಿ ಓದಲು ಬಾರದಂತಾಗಬಹುದು. ಚಕ್ರಗಳ ಟಯರುಗಳಲ್ಲಿ ತುಂಬಿದ ಅನಿಲದ ಒತ್ತಡವು ಪ್ರತಿ ೩ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಒಂದು ಪ್ರತಿಶತದಷ್ಟು ಹೆಚ್ಚುತ್ತದೆ. ಆದ್ದರಿಂದ ಒಂದು ಟಯರ್ ನೆರಳಿನಲ್ಲಿಯೂ ಇನ್ನೊಂದು ಬಿಸಿಲಿನಲ್ಲಿಯೂ ಇರುವಾಗ ಅಳೆದ ಒತ್ತಡಗಳನ್ನು ಹೋಲಿಸುವುದು ತಪ್ಪು ನಿರ್ಣಯಕ್ಕೆ ದಾರಿಮಾಡಬಹುದು.

=== ಸಿಬ್ಬಂದಿಯ ಆರೋಗ್ಯ ===

ಹಾರಾಟದ ನಡುವಿನ ತಪಾಸಣೆ, ಇಂಧನ ತುಂಬುವಿಕೆ, ಸಣ್ಣ ದುರಸ್ತಿ ಮುಂತಾದ ಕೆಲಸಗಳು ನಿಲುಗಡೆ ಪ್ರದೇಶದಲ್ಲಿಯೇ ನಡೆಯುತ್ತವೆ. ಬಿಸಿಲಿಗೆ ಕಾದ ಲೋಹದ ಮೇಲ್ಮೈಯನ್ನು ಬರಿಗೈಯಿಂದ ಮುಟ್ಟಿದರೆ ಸುಟ್ಟಗಾಯವಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಶಾಖಾಘಾತ. ಕೆಲಸದ ಸ್ಥಳದ ಶಾಖವನ್ನು ಅಳೆಯಲು ಬಳಸುವ ಆರ್ದ್ರಗೋಳ ಸೂಚ್ಯಂಕವು ಗಾಳಿಯ ಉಷ್ಣತೆ ಮತ್ತು ತೇವಾಂಶದ ಜೊತೆಗೆ ನೇರ ಬಿಸಿಲಿನ ಪರಿಣಾಮವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಅಮೆರಿಕದ ಸೇನಾಪಡೆಗಳಲ್ಲಿ ಈ ಸೂಚ್ಯಂಕವು ೯೦ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ೩೨ ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಪ್ಪು ಬಾವುಟ ಹಾರಿಸಿ, ಅನಿವಾರ್ಯವಲ್ಲದ ಶ್ರಮದ ಕೆಲಸಗಳನ್ನು ನಿಲ್ಲಿಸಲಾಗುತ್ತದೆ. ನೆರಳಿನಲ್ಲಿ ಸೂಚ್ಯಂಕದ ಬಿಸಿಲಿನ ಅಂಶ ತಗ್ಗುವುದರಿಂದ ಅದೇ ದಿನ, ಅದೇ ಹೊತ್ತಿನಲ್ಲಿ ಹೆಚ್ಚು ಸುರಕ್ಷಿತವಾಗಿ ಕೆಲಸ ಮಾಡಲು ಸಾಧ್ಯವಾಗುತ್ತದೆ.

== ಇತಿಹಾಸ ==

ಆರಂಭಿಕ ವಿಮಾನಗಳ ರೆಕ್ಕೆಗಳನ್ನು ಮರದ ಚೌಕಟ್ಟಿನ ಮೇಲೆ ನಾರುಬಟ್ಟೆ ಹೊದಿಸಿ, ಅದಕ್ಕೆ ಡೋಪ್ ಎಂಬ ಲೇಪವನ್ನು ಬಳಿದು ಬಿಗಿಗೊಳಿಸಲಾಗುತ್ತಿತ್ತು. ಬಿಸಿಲಿನ ನೇರಳಾತೀತ ಕಿರಣಗಳಿಂದ ಈ ಬಟ್ಟೆ ಬೇಗನೆ ಜೀರ್ಣವಾಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಬಳಸಿದ ಪಿಸಿ-೧೦ ಎಂಬ ಖಾಕಿ ಛಾಯೆಯ ಲೇಪವು ಬಟ್ಟೆಯನ್ನು ಬೆಳಕಿನಿಂದ ಕಾಪಾಡುವ ಉದ್ದೇಶದ್ದಾಗಿತ್ತು. ತೀವ್ರ ಬಿಸಿಲಿನ ಪ್ರದೇಶಗಳಿಗಾಗಿ ಪಿಸಿ-೧೨ ಎಂಬ ಕೆಂಗಂದು ಲೇಪ ಬಳಕೆಗೆ ಬಂದಿತು. ಯುದ್ಧಾನಂತರ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಲೇಪವು ಜನಪ್ರಿಯವಾಯಿತು. ಅದೇ ಯುದ್ಧದಲ್ಲಿ ಮರದ ಚೌಕಟ್ಟಿಗೆ ದಪ್ಪಬಟ್ಟೆ ಹೊದಿಸಿದ, ಬಿಚ್ಚಿ ಸಾಗಿಸಬಹುದಾದ ಬೆಸೊನೊ ಹ್ಯಾಂಗರ್‌ಗಳನ್ನು ಫ್ರೆಂಚ್ ಮತ್ತು ಬ್ರಿಟಿಷ್ ಪಡೆಗಳು ಬಳಸಿದವು. ಇಂದಿನ ಬಟ್ಟೆ ಹೊದಿಸಿದ ವಿಮಾನಾಶ್ರಯಗಳಿಗೆ ಇವು ಪೂರ್ವರೂಪಗಳು.

ಎರಡನೆಯ ಮಹಾಯುದ್ಧದಲ್ಲಿ ಭಾರತ ಮತ್ತು ಬರ್ಮಾ ರಂಗದಲ್ಲಿ ಕಾರ್ಯನಿರ್ವಹಿಸುತ್ತಿದ್ದ ಡಿ ಹ್ಯಾವಿಲೆಂಡ್ ಮಸ್ಕಿಟೊ ವಿಮಾನಗಳ ಪ್ರಕರಣವು ಈ ವಿಷಯದಲ್ಲಿ ಗಮನಾರ್ಹ. ಮರದಿಂದ ಮಾಡಿದ ಈ ವಿಮಾನಗಳಲ್ಲಿ ಕೆಲವು ೧೯೪೪ರಲ್ಲಿ ಅಪಘಾತಕ್ಕೀಡಾದವು. ತೀವ್ರ ಶಾಖ ಮತ್ತು ಮಳೆಗಾಲದ ತೇವಕ್ಕೆ ಸಿಕ್ಕಿ ಅಂಟು ಬಿಟ್ಟುಕೊಂಡಿತೆಂದು ಮೊದಲು ಶಂಕಿಸಲಾಯಿತು. ಹಿರೆವರ್ಡ್ ಡಿ ಹ್ಯಾವಿಲೆಂಡ್ ಅವರ ನೇತೃತ್ವದ ತಂಡವೊಂದು ಭಾರತಕ್ಕೆ ಬಂದು ತನಿಖೆ ನಡೆಸಿತು. ಆ ವರದಿಯು ಅಂಟಿನ ಬದಲು, ಮಳೆಗಾಲದಲ್ಲಿ ಮರದ ಗಾತ್ರದಲ್ಲಾದ ವ್ಯತ್ಯಾಸದತ್ತ ಬೆರಳುಮಾಡಿತು. ನಂತರದ ತನಿಖೆಯು ತಯಾರಿಕೆಯ ದೋಷಗಳನ್ನು ಕಾರಣವೆಂದು ಗುರುತಿಸಿತು. ಹವೆಯ ಮೇಲೆ ಹೊರಿಸಿದ ಆರೋಪದ ಹಿಂದೆ ಬೇರೆ ಕಾರಣಗಳೂ ಅಡಗಿರಬಹುದೆಂಬುದಕ್ಕೆ ಇದು ಉದಾಹರಣೆ.

ಇತ್ತೀಚಿನ ದಶಕಗಳಲ್ಲಿ ಅಮೆರಿಕದ ನೈಋತ್ಯ ಮರುಭೂಮಿಯ ವಾಯುನೆಲೆಗಳಲ್ಲಿ ನೆರಳು ಚಾವಣಿಗಳು ಸಾಮಾನ್ಯವಾಗಿವೆ. ಅರಿಝೋನಾದ ಲ್ಯೂಕ್ ಮತ್ತು ನೆವಾಡಾದ ನೆಲ್ಲಿಸ್ ವಾಯುನೆಲೆಗಳಲ್ಲಿ ಯುದ್ಧವಿಮಾನಗಳನ್ನು ಸಾಲುಸಾಲು ಚಾವಣಿಗಳ ಕೆಳಗೆ ನಿಲ್ಲಿಸಲಾಗುತ್ತದೆ. ಎಫ್-೩೫ ಯುದ್ಧವಿಮಾನವು ತನ್ನ ಉಪಕರಣಗಳನ್ನು ತಂಪಾಗಿಡಲು ಇಂಧನವನ್ನೇ ಬಳಸುವುದರಿಂದ ಇಂಧನದ ಉಷ್ಣತೆ ಮಿತಿಯೊಳಗಿರುವುದು ಮುಖ್ಯ. ಈ ಹಿನ್ನೆಲೆಯಲ್ಲಿ ೨೦೧೪ರಲ್ಲಿ ಲ್ಯೂಕ್ ನೆಲೆಯಲ್ಲಿ ಹಸಿರು ಬಣ್ಣದ ಇಂಧನ ಟ್ರಕ್ಕುಗಳಿಗೆ ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣ ಬಳಿದದ್ದು ಸುದ್ದಿಯಾಗಿತ್ತು.

== ರಚನೆಯ ವಿಧಗಳು ಮತ್ತು ಸಾಮಗ್ರಿಗಳು ==

* ತಗಡಿನ ಚಾವಣಿ: ಸತು ಲೇಪಿಸಿದ ಉಕ್ಕಿನ ಕಂಬ ಮತ್ತು ತೊಲೆಗಳ ಮೇಲೆ ಬಣ್ಣ ಬಳಿದ ಲೋಹದ ತಗಡು ಹೊದಿಸಿದ್ದು. ಬಾಳಿಕೆ ಹೆಚ್ಚು. ಆದರೆ ತಗಡು ತಾನೇ ಕಾದು ಕೆಳಮುಖವಾಗಿ ಶಾಖವನ್ನು ಹೊರಸೂಸುತ್ತದೆ. ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿದು ಅಥವಾ ಕೆಳಗೆ ಉಷ್ಣನಿರೋಧಕ ಪದರ ಕೂಡಿಸಿ ಇದನ್ನು ತಗ್ಗಿಸಲಾಗುತ್ತದೆ.
* ಒಂದೇ ಬದಿಯ ಆಧಾರದ ಚಾವಣಿ: ಕಂಬಗಳೆಲ್ಲ ಹಿಂಬದಿಯಲ್ಲಿದ್ದು, ತೊಲೆಗಳು ಮುಂದಕ್ಕೆ ಚಾಚಿರುತ್ತವೆ. ರೆಕ್ಕೆಯ ತುದಿಗೆ ಅಡ್ಡಬರುವ ಕಂಬಗಳಿಲ್ಲದಿರುವುದು ಇದರ ಅನುಕೂಲ. ಅಡಿಪಾಯ ಮಾತ್ರ ಹೆಚ್ಚು ಬಲವಾಗಿರಬೇಕು.
* ಹೆಣೆದ ನೆರಳುಬಟ್ಟೆ: ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಎಳೆಗಳಿಂದ ಹೆಣೆದದ್ದು. ತೋಟಗಾರಿಕೆಯಲ್ಲಿ ಬಳಸುವ ನೆರಳುಪರದೆಯ ಜಾತಿಗೆ ಸೇರಿದ್ದು. ಬೆಳಕಿನ ಹೆಚ್ಚಿನ ಪಾಲನ್ನು ತಡೆದು, ಬಿಸಿಗಾಳಿಯನ್ನು ತನ್ನ ರಂಧ್ರಗಳ ಮೂಲಕ ಮೇಲಕ್ಕೆ ಬಿಡುತ್ತದೆ. ಮಳೆಯನ್ನು ತಡೆಯುವುದಿಲ್ಲ.
* ಬಿಗಿಪಟಲ ಚಾವಣಿ: ಪಿವಿಸಿ ಲೇಪಿತ ಪಾಲಿಯೆಸ್ಟರ್ ಅಥವಾ ಟೆಫ್ಲಾನ್ ಲೇಪಿತ ಗಾಜಿನ ನಾರಿನ ಬಟ್ಟೆಯನ್ನು ಉಕ್ಕಿನ ಹಗ್ಗಗಳಿಂದ ಎಳೆದು ಕಟ್ಟಿದ್ದು. ಇದೇ ತಂತ್ರದ ಬೃಹತ್ ಉದಾಹರಣೆ, ವಿಮಾನಗಳಿಗಲ್ಲದೆ ಪ್ರಯಾಣಿಕರಿಗಾಗಿ ಕಟ್ಟಿದ, ಸೌದಿ ಅರೇಬಿಯಾದ ಜೆಡ್ಡಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್. ೧೯೮೧ರಲ್ಲಿ ಆರಂಭವಾದ ಇದರ ೨೧೦ ಡೇರೆಯಾಕಾರದ ಚಾವಣಿಗಳು ಯಂತ್ರಗಳ ನೆರವಿಲ್ಲದೆ ಕೆಳಗಿನ ವಿಶಾಲ ಪ್ರದೇಶವನ್ನು ತಂಪಾಗಿಡುತ್ತವೆ.

== ವಿನ್ಯಾಸದ ಅಂಶಗಳು ==

=== ದಿಕ್ಕು ಮತ್ತು ಎತ್ತರ ===

ಸೂರ್ಯನ ಪಥವು ಅಕ್ಷಾಂಶವನ್ನು ಅವಲಂಬಿಸಿರುವುದರಿಂದ ಒಂದೆಡೆ ಯಶಸ್ವಿಯಾದ ವಿನ್ಯಾಸ ಇನ್ನೊಂದೆಡೆ ಸಾಲದಾಗಬಹುದು. ಸುಮಾರು ೩೩ ಡಿಗ್ರಿ ಉತ್ತರ ಅಕ್ಷಾಂಶದ ಫೀನಿಕ್ಸ್ ನಗರದಲ್ಲಿ ಸೂರ್ಯನು ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ಆದ್ದರಿಂದ ಚಾವಣಿಯನ್ನು ದಕ್ಷಿಣಕ್ಕೆ ಚಾಚುವುದು ಉಪಯುಕ್ತ. ಸುಮಾರು ೧೩ ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಸೂರ್ಯನು ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುಭಾಗದಲ್ಲಿ, ಹೀಗೆ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ.

ಎಲ್ಲ ಕಡೆಗಳಲ್ಲಿಯೂ ಇಳಿಹೊತ್ತಿನ ಪಡುವಣ ಬಿಸಿಲನ್ನು ತಡೆಯುವುದು ಕಷ್ಟ. ಆಗ ಸೂರ್ಯನು ಕೆಳಗಿಳಿದಿರುತ್ತಾನೆ, ಗಾಳಿಯ ಉಷ್ಣತೆಯೂ ಗರಿಷ್ಠ ಮಟ್ಟದ ಆಸುಪಾಸಿನಲ್ಲಿರುತ್ತದೆ. ಚಾವಣಿ ಎತ್ತರವಾದಷ್ಟೂ ಗಾಳಿಯಾಡುವಿಕೆ ಚೆನ್ನಾಗಿರುತ್ತದೆ, ಆದರೆ ಓರೆಯಾದ ಬಿಸಿಲು ಒಳನುಗ್ಗುತ್ತದೆ. ಪಶ್ಚಿಮದ ಬದಿಗೆ ಪರದೆ ಕಟ್ಟುವುದು ಇಲ್ಲವೇ ಆ ಬದಿಯ ಚಾವಣಿಯನ್ನು ಇಳಿಬಿಡುವುದು ರೂಢಿಯಲ್ಲಿರುವ ಪರಿಹಾರಗಳು.

=== ಗಾಳಿಯ ಒತ್ತಡ ===

ಗೋಡೆಗಳಿಲ್ಲದ ಹಗುರ ಚಾವಣಿಗೆ ಅತಿದೊಡ್ಡ ಬೆದರಿಕೆ ಬಿರುಗಾಳಿ. ಕೆಳಗಿನಿಂದ ನುಗ್ಗಿದ ಗಾಳಿಯು ಚಾವಣಿಯನ್ನು ಮೇಲೆತ್ತಲು ಯತ್ನಿಸುತ್ತದೆ. ಹೀಗಾಗಿ ಅಡಿಪಾಯವು ಭಾರವನ್ನು ಹೊರುವುದಕ್ಕಿಂತ ಹೆಚ್ಚಾಗಿ ರಚನೆಯನ್ನು ನೆಲಕ್ಕೆ ಹಿಡಿದಿಡಬೇಕಾಗುತ್ತದೆ. ಭಾರತದಲ್ಲಿ ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಐಎಸ್ ೮೭೫ ಮಾನಕದ ಮೂರನೆಯ ಭಾಗದಂತೆ ಲೆಕ್ಕ ಹಾಕಲಾಗುತ್ತದೆ. ಚಾವಣಿ ಕುಸಿದರೆ ಅದು ಕಾಪಾಡಬೇಕಾದ ವಿಮಾನದ ಮೇಲೆಯೇ ಬೀಳುವುದರಿಂದ, ಇಲ್ಲಿ ಉಳಿತಾಯಕ್ಕಾಗಿ ಬಲವನ್ನು ತಗ್ಗಿಸುವುದು ದುಬಾರಿಯಾಗಿ ಪರಿಣಮಿಸುತ್ತದೆ. ಬಟ್ಟೆಯ ಚಾವಣಿಗಳಲ್ಲಿ ಚಂಡಮಾರುತದ ಮುನ್ಸೂಚನೆ ದೊರೆತಾಗ ಹೊದಿಕೆಯನ್ನು ಬಿಚ್ಚಿಡುವ ವ್ಯವಸ್ಥೆಯನ್ನು ಅಳವಡಿಸುವುದುಂಟು.

=== ಸುರಕ್ಷತೆ ===

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ೧೪ನೆಯ ಅನುಬಂಧವು ನಿಲುಗಡೆ ಸ್ಥಳದಲ್ಲಿ ವಿಮಾನಕ್ಕೂ ಪಕ್ಕದ ವಸ್ತುಗಳಿಗೂ ನಡುವೆ ಇರಬೇಕಾದ ಅಂತರವನ್ನು ನಿಗದಿಪಡಿಸುತ್ತದೆ. ಈ ಅಂತರವು ಸಣ್ಣ ವಿಮಾನಗಳಿಗೆ ೩ ಮೀಟರ್, ಬೋಯಿಂಗ್ ೭೩೭ರಂತಹ ಸಿ ವರ್ಗದ ವಿಮಾನಗಳಿಗೆ ೪.೫ ಮೀಟರ್ ಮತ್ತು ಅದಕ್ಕೂ ದೊಡ್ಡ ವಿಮಾನಗಳಿಗೆ ೭.೫ ಮೀಟರ್. ರನ್‌ವೇ ಸುತ್ತಲಿನ ಎತ್ತರದ ನಿರ್ಬಂಧಗಳನ್ನೂ ಚಾವಣಿಯು ಮೀರಬಾರದು.

ಚಾವಣಿಯ ಕೆಳಗೆ ಜೆಟ್ ಎಂಜಿನ್ ಚಾಲೂ ಮಾಡುವುದಾದರೆ ಹಿಂಬದಿಯ ಬಿಸಿ ಅನಿಲಕ್ಕೆ ಮುಕ್ತ ದಾರಿಯಿರಬೇಕು. ಸಡಿಲವಾದ ಮೊಳೆ, ಬೋಲ್ಟು, ಬಟ್ಟೆಯ ಚೂರು ಮುಂತಾದವು ಎಂಜಿನ್ ಒಳಗೆ ಸೇರಿ ಹಾನಿ ಮಾಡಬಲ್ಲವಾದ್ದರಿಂದ ಚಾವಣಿಯ ನಿಯತ ತಪಾಸಣೆ ಅಗತ್ಯ. ಬೆಂಕಿ ನಿಯಂತ್ರಣ, ಸಿಡಿಲು ರಕ್ಷಣೆ ಮತ್ತು ಇಂಧನ ಸೋರಿದಾಗ ಹರಿದುಹೋಗುವ ಇಳಿಜಾರಿನ ವ್ಯವಸ್ಥೆಯೂ ವಿನ್ಯಾಸದ ಭಾಗಗಳೇ. ತೊಲೆಗಳ ಮೇಲೆ ಪಾರಿವಾಳ ಮುಂತಾದ ಹಕ್ಕಿಗಳು ಗೂಡುಕಟ್ಟುವುದು ಸಾಮಾನ್ಯ ತೊಂದರೆ. ಹಕ್ಕಿಗಳ ಹಿಕ್ಕೆಯು ಬಣ್ಣವನ್ನು ಮತ್ತು ಲೋಹವನ್ನು ತಿನ್ನುತ್ತದೆ. ವಿಮಾನಗಳ ಬಳಿ ಹಕ್ಕಿಗಳಿರುವುದು ಹಾರಾಟಕ್ಕೂ ಅಪಾಯಕಾರಿ. ಬಲೆ ಕಟ್ಟಿ ಅಥವಾ ಹಕ್ಕಿ ಕೂರಲಾಗದಂತೆ ಇಳಿಜಾರಾದ ಅಂಚುಗಳನ್ನು ರೂಪಿಸಿ ಇದನ್ನು ತಡೆಯಲಾಗುತ್ತದೆ.

== ಮಿತಿಗಳು ==

ನೆರಳು ಚಾವಣಿಯು ಬಿಸಿಲನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನು ತಂಪಾಗಿಸುವುದಿಲ್ಲ. ಗಾಳಿಯ ಉಷ್ಣತೆ ೪೫ ಡಿಗ್ರಿ ಸೆಲ್ಸಿಯಸ್ ಇರುವಾಗ ನೆರಳಿನಲ್ಲಿರುವ ವಿಮಾನವೂ ಅಷ್ಟರಮಟ್ಟಿಗೆ ಕಾಯುತ್ತದೆ. ಬಿಸಿಗಾಳಿಯ ಸಾಂದ್ರತೆ ಕಡಿಮೆಯಾಗುವುದರಿಂದ ರೆಕ್ಕೆಯ ಎತ್ತುವ ಬಲ ಮತ್ತು ಎಂಜಿನ್ನಿನ ಶಕ್ತಿ ಎರಡೂ ಕುಗ್ಗುತ್ತವೆ. ಈ ಸಮಸ್ಯೆಗೆ ನೆರಳು ಪರಿಹಾರವಲ್ಲ. ೨೦೧೭ರ ಜೂನ್‌ನಲ್ಲಿ ಫೀನಿಕ್ಸ್‌ನಲ್ಲಿ ಉಷ್ಣತೆಯು ಸುಮಾರು ೪೮ ಡಿಗ್ರಿ ಸೆಲ್ಸಿಯಸ್ ಮೀರಿದಾಗ, ಸಣ್ಣ ಪ್ರಾದೇಶಿಕ ಜೆಟ್ ವಿಮಾನಗಳ ಕಾರ್ಯಾಚರಣೆಯ ಮಿತಿ ದಾಟಿದ್ದರಿಂದ ಹತ್ತಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು.

ಧೂಳು, ತೇವ ಮತ್ತು ಕರಾವಳಿಯ ಉಪ್ಪುಗಾಳಿಯಿಂದಲೂ ಚಾವಣಿಯು ರಕ್ಷಣೆ ನೀಡುವುದಿಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳು ದಿನದ ಹೆಚ್ಚಿನ ಹೊತ್ತು ಹಾರಾಟದಲ್ಲಿಯೇ ಇರುವುದರಿಂದ ಹಾಗೂ ಅವುಗಳ ಗಾತ್ರಕ್ಕೆ ತಕ್ಕ ಚಾವಣಿ ಬಹಳ ದುಬಾರಿಯಾಗುವುದರಿಂದ ಅವುಗಳಿಗೆ ಇದರ ಬಳಕೆ ವಿರಳ.

== ಪರ್ಯಾಯ ಮತ್ತು ಪೂರಕ ವಿಧಾನಗಳು ==

* ಹೊದಿಕೆಗಳು: ಚಾಲಕನ ಕೋಣೆ, ಎಂಜಿನ್ ಮತ್ತು ರೆಕ್ಕೆಗಳಿಗೆ ಬೆಳಕನ್ನು ಪ್ರತಿಫಲಿಸುವ ಬಟ್ಟೆಯ ಹೊದಿಕೆ ಹಾಕುವುದು. ಹೊದಿಕೆಯ ಒಳಮೈಯಲ್ಲಿ ಧೂಳು ಸೇರಿದ್ದರೆ ಅದು ಕಿಟಕಿಯನ್ನು ಗೀಚುತ್ತದೆ.
* ತಂಪುಗಾಳಿ ಪೂರೈಕೆ: ವಿಮಾನ ನಿಲ್ದಾಣದ ಸ್ಥಾವರದಿಂದ ಕೊಳವೆಯ ಮೂಲಕ ತಂಪುಗಾಳಿ ಹಾಯಿಸುವುದು. ಇದರಿಂದ ವಿಮಾನದ ಸಹಾಯಕ ಎಂಜಿನ್ ಓಡಿಸುವ ಅಗತ್ಯ ಕಡಿಮೆಯಾಗುತ್ತದೆ.
* ಕಿಟಕಿ ಪರದೆಗಳು: ಬೇಸಿಗೆಯಲ್ಲಿ ವಿಮಾನವು ನಿಲ್ದಾಣ ತಲುಪಿದಾಗ ಕಿಟಕಿಯ ಪರದೆಗಳನ್ನು ಮುಚ್ಚುವಂತೆ ಪ್ರಯಾಣಿಕರಿಗೆ ಸೂಚಿಸುವ ಸರಳ ಕ್ರಮ.
* ರಕ್ಷಣಾ ಲೇಪ: ಅರಿಝೋನಾದ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ ಸೇವೆಯಿಂದ ಹಿಂತೆಗೆದ ಸಾವಿರಾರು ವಿಮಾನಗಳನ್ನು ಬಯಲಿನಲ್ಲಿಯೇ ಇಡಲಾಗಿದೆ. ಅವುಗಳ ಕಿಟಕಿ ಮತ್ತು ಸಂದುಗಳ ಮೇಲೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣದ, ಮುಂದೆ ಸುಲಿದು ತೆಗೆಯಬಹುದಾದ ಲೇಪವನ್ನು ಬಳಿಯಲಾಗುತ್ತದೆ. ಬಿಳಿ ಪದರವು ಬಿಸಿಲನ್ನು ಪ್ರತಿಫಲಿಸಿ ಒಳಗಿನ ಉಷ್ಣತೆಯನ್ನು ಹೊರಗಿನ ಗಾಳಿಯ ಉಷ್ಣತೆಯ ಸಮೀಪದಲ್ಲಿರಿಸುತ್ತದೆ.

== ಭಾರತದ ಸಂದರ್ಭ ==

ಭಾರತದಲ್ಲಿ ಬೇಸಿಗೆಯ ಶಾಖವು ಪ್ರದೇಶದಿಂದ ಪ್ರದೇಶಕ್ಕೆ ಬಹಳ ಭಿನ್ನವಾಗಿದೆ. ರಾಜಸ್ಥಾನದ ಫಲೋದಿಯಲ್ಲಿ ೨೦೧೬ರ ಮೇ ೧೯ರಂದು ೫೧ ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ ಮುಂತಾದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣತೆಯು ೪೦ ಡಿಗ್ರಿ ದಾಟುವುದು ಸಾಮಾನ್ಯ. ಭಾರತೀಯ ವಾಯುಪಡೆಯ ತರಬೇತಿ ಕೇಂದ್ರವಿರುವ ಬೀದರ್ ಹಾಗೂ ೨೦೧೯ರಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣ ಈ ಭಾಗದಲ್ಲಿವೆ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ತುಲನಾತ್ಮಕವಾಗಿ ತಂಪು. ಆದರೆ ಗಾಳಿ ತಂಪಾಗಿದ್ದ ಮಾತ್ರಕ್ಕೆ ನೇರಳಾತೀತ ಕಿರಣಗಳು ಕಡಿಮೆಯೆಂದು ಭಾವಿಸಲಾಗದು. ಎತ್ತರ ಹೆಚ್ಚಿದಂತೆ ಅವುಗಳ ಪ್ರಮಾಣ ಹೆಚ್ಚುತ್ತದೆ. ಮಂಗಳೂರಿನಂತಹ ಕರಾವಳಿ ನಗರಗಳಲ್ಲಿ ಭಾರೀ ಮಳೆ ಮತ್ತು ಉಪ್ಪುಗಾಳಿಯೂ ಸೇರುವುದರಿಂದ ನೀರು ಇಳಿಯುವ ತಗಡಿನ ಚಾವಣಿ ಹಾಗೂ ತುಕ್ಕುನಿರೋಧಕ ಲೇಪಗಳು ಹೆಚ್ಚು ಪ್ರಸ್ತುತವಾಗುತ್ತವೆ.

== ಇವನ್ನೂ ನೋಡಿ ==

* ಹ್ಯಾಂಗರ್
* ವಿಮಾನ ನಿಲ್ದಾಣ
* ಸಂಯುಕ್ತ ವಸ್ತು
* ನೇರಳಾತೀತ ವಿಕಿರಣ
* ಶಾಖಾಘಾತ